ಗುಜರಿಗೆ ಬಂದ ಕಣ್ಣುಗಳು

ದೂರದರ್ಶನವೆಂದೊಡನೆ ನಮ್ಮಲ್ಲಿ ಬಹುಮಂದಿಯ ನೆನಪಿಗೆ ಬರುವುದು ಮಾಳಿಗೆಯ ಮೇಲಿನ ಆಂಟೆನಾ, ನೆರೆಹೊರೆಯವರೆಲ್ಲ ಒಂದೇ ಪಡಸಾಲೆಯಲ್ಲಿ ಕಿಕ್ಕಿರಿದು ಕುಳಿತು ನೋಡುತ್ತಿದ್ದ ವಾರದ ಚಲನಚಿತ್ರ, ವಾರ್ತೆಗೆ ಮುನ್ನ ತಿರುಗುತ್ತ ಮೂಡುತ್ತಿದ್ದ ಲಾಂಛನ. ಅದೇ ವಿದ್ಯೆಗೆ ಮತ್ತೊಂದು ಶಾಖೆಯುಂಟೆಂಬುದನ್ನೂ, ಆ ಶಾಖೆಗೆ ಪ್ರೇಕ್ಷಕರಾಗಲಿ ಕಾರ್ಯಕ್ರಮವಾಗಲಿ ಜಾಹೀರಾತಾಗಲಿ ಇಲ್ಲವೆಂಬುದನ್ನೂ ಬಲ್ಲವರು ಕಡಿಮೆ. ಉಷ್ಣವಿದ್ಯುತ್ ಸ್ಥಾವರದಲ್ಲಿ ಹಲವು ಅಂತಸ್ತು ಎತ್ತರದ ಬಾಯ್ಲರಿನ ನೆತ್ತಿಯ ಬಳಿಯಿರುವ ನೀರಿನ ಮಟ್ಟದ ಗಾಜನ್ನು ಕೆಳಗಿನ ನಿಯಂತ್ರಣ ಕೊಠಡಿಯಲ್ಲಿ ಕುಳಿತವನಿಗೆ ಹಗಲಿರುಳೂ ತೋರಿಸುವುದು, ಮನುಷ್ಯನು ಹತ್ತಿರ ಸುಳಿಯಲಾರದ ಕುಲುಮೆಯ ಜ್ವಾಲೆಯನ್ನು ದಿಟ್ಟಿಸುವುದು, ತಲೆಗೂದಲಿಗಿಂತ ಸಣ್ಣದಾದ ಚಿನ್ನದ ಎಳೆಯನ್ನು ಸಿಲಿಕಾನಿನ ಚೂರಿಗೆ ಬೆಸೆಯುವ ಯಂತ್ರಕ್ಕೆ ಎಳೆ ಎಲ್ಲಿ ಕೂರಬೇಕೆಂದು ಹೇಳುವುದು, ಇಂಥ ಏಕಾಂತ ಕಾರ್ಯಗಳಿಗೆಂದೇ ನಿರ್ಮಿತವಾದ ಕ್ಯಾಮರಾಗಳು ತಮ್ಮ ಆಯುಷ್ಯವನ್ನೆಲ್ಲ ಒಂದೇ ವಸ್ತುವನ್ನು ನೋಡುತ್ತ ಕಳೆದು, ಆತುಕೊಂಡಿದ್ದ ಯಂತ್ರದ ಸಮೇತ ಮುಪ್ಪಾಗಿ, ಕಡೆಗೆ ಹರಾಜಿನಲ್ಲಿ ತೂಕದ ಲೆಕ್ಕಕ್ಕೆ ಮಾರಾಟವಾಗಿ ಗುಜರಿಯನ್ನು ಸೇರುತ್ತವೆ. ಅಂಥ ಅನಾಥ ಕಣ್ಣುಗಳ ಸಹವಾಸದಲ್ಲಿ ನಾನು ಕಳೆದ ಕೆಲವು ವರ್ಷಗಳ ವೃತ್ತಾಂತವಿದು.

ಬೆಂಗಳೂರಿನಲ್ಲಿ ಈ ಸಾಮಗ್ರಿ ಹೇರಳವಾಗಿ ದೊರೆಯುತ್ತಿದ್ದುದಕ್ಕೆ ಕಾರಣವನ್ನು ನಗರದ ಚರಿತ್ರೆಯಲ್ಲೇ ಕಾಣಬಹುದು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಹೀಗೆ ಒಂದರ ಹಿಂದೊಂದು ಬೃಹದುದ್ಯಮಗಳು ನೆಲೆಗೊಂಡು, ಅವುಗಳ ನೆರಳಿನಲ್ಲಿ ರಾಜಾಜಿನಗರ, ಪೀಣ್ಯಗಳ ಸಣ್ಣ ಕೈಗಾರಿಕೆಗಳು ಬೆಳೆದ ಊರಿನಲ್ಲಿ, ಯಂತ್ರವು ಹೊಸದಾಗಿ ಬರುವುದೂ ಹಳತಾಗಿ ಹೋಗುವುದೂ ನಿತ್ಯವ್ಯವಹಾರವೇ ಆಗಿದ್ದಿತು. ತೊಂಬತ್ತರ ದಶಕದಲ್ಲಿ ಆಮದಿನ ನಿರ್ಬಂಧಗಳು ಸಡಿಲಗೊಂಡ ತರುವಾಯ ಹಳೆಯದನ್ನು ಕಿತ್ತು ಹೊಸದನ್ನು ನಿಲ್ಲಿಸುವ ಭರ ಹೆಚ್ಚಿ, ಎಸ್.ಪಿ. ರಸ್ತೆಯ ಒಳಗಲ್ಲಿಗಳಲ್ಲಿ ಜಪಾನು, ಜರ್ಮನಿ, ಅಮೆರಿಕಗಳ ಪೆಟ್ಟಿಗೆಗಳು ಮೊಣಕಾಲೆತ್ತರಕ್ಕೆ ರಾಶಿ ಬಿದ್ದವು. ನಾನು ಆಗ್ಗೆ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಬೋಧಿಸುತ್ತಿದ್ದೆನು. ಪಠ್ಯಕ್ರಮದಲ್ಲಿ ದೂರದರ್ಶನ ತಂತ್ರವೆಂಬ ವಿಷಯವಿದ್ದಿತು. ಪ್ರಯೋಗಶಾಲೆಯಲ್ಲಿ ಮಾತ್ರ ಒಂದು ಕ್ಯಾಮರಾ ಇರಲಿಲ್ಲ. ಹುಡುಗರು ಕಪ್ಪುಹಲಗೆಯ ಮೇಲಿನ ಚಿತ್ರವನ್ನು ನೋಡಿಯೇ ಪರೀಕ್ಷೆ ಬರೆದು ತೇರ್ಗಡೆಯಾಗುತ್ತಿದ್ದರು. ಹೊಸ ಕ್ಯಾಮರಾ ಕೊಳ್ಳುವಷ್ಟು ಹಣ ಸಂಸ್ಥೆಗೆ ಇಲ್ಲವೆಂದ ಮೇಲೆ ಗುಜರಿಯೇ ಗತಿಯಾಯಿತು.

ಅಲ್ಲಿ ನನಗೆ ಪರಿಚಿತರಾದ ಅಂಗಡಿಯ ಸಾಹೇಬರು ವೃದ್ಧರು; ಮಾತು ಕಡಿಮೆ, ತಕ್ಕಡಿ ನಿಷ್ಠುರ. ಯಾವುದನ್ನೇ ಎತ್ತಿ ಕೇಳಿದರೂ ಅವರ ಉತ್ತರ ಒಂದೇ: “ಮೇಷ್ಟ್ರೇ, ನಂಗೆ ಗೊತ್ತಿರೋದು ತೂಕ. ಒಳಗೇನಿದೆ ಅಂತ ನೀವೇ ನೋಡ್ಕೊಳ್ಳಿ.” ಅವರ ದೃಷ್ಟಿಯಲ್ಲಿ ಕ್ಯಾಮರಾ ಎಂಬುದು ಇಷ್ಟು ಅಲ್ಯೂಮಿನಿಯಂ, ಇಷ್ಟು ತಾಮ್ರ, ಕನೆಕ್ಟರಿನ ಪಿನ್ನುಗಳ ಮೇಲೆ ಲೇಪಿಸಿದ ಕಿಂಚಿತ್ ಚಿನ್ನ. ಕೇಬಲ್ಲಿನಲ್ಲಿ ತಾಮ್ರವಿರುವುದರಿಂದ ಮೊದಲು ಕೊಡಲಿಗೆ ಬಲಿಯಾಗುತ್ತಿದ್ದುದು ಅದೇ. ಆದುದರಿಂದ ಕೈಪಿಡಿಯ ಮಾತು ಹಾಗಿರಲಿ, ಕ್ಯಾಮರಾದ ತಲೆಯನ್ನೂ ಅದರ ನಿಯಂತ್ರಣ ಪೆಟ್ಟಿಗೆಯನ್ನೂ ಜೋಡಿಸುತ್ತಿದ್ದ ಹತ್ತಾರು ಬಣ್ಣದ ತಂತಿಗಳ ಮೋಟು ತುದಿ ಉಳಿದಿದ್ದರೆ ಅದನ್ನೇ ಭಾಗ್ಯವೆಂದು ತಿಳಿಯಬೇಕಾಗಿತ್ತು.

ದಾಖಲೆಯಿಲ್ಲದ ಯಂತ್ರವು ಮೂಕವೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಹಾಗಿಲ್ಲ. ಯಾವ ತಯಾರಕನೂ ತನ್ನ ಯಂತ್ರವನ್ನು ಪೂರ್ತಿಯಾಗಿ ತಾನೇ ಸೃಷ್ಟಿಸಲಾರನು; ಕ್ರಿಸ್ಟಲನ್ನು ಒಬ್ಬರಿಂದ, ಐಸಿಯನ್ನು ಇನ್ನೊಬ್ಬರಿಂದ, ಕನೆಕ್ಟರನ್ನು ಮತ್ತೊಬ್ಬರಿಂದ ಕೊಂಡು, ಪರರ ಮಾನಿಟರಿಗೆ ಒಪ್ಪುವ ಸಂಕೇತವನ್ನೇ ಹೊರಡಿಸಬೇಕಾದವನು, ತನ್ನ ಗುಟ್ಟನ್ನು ಎಷ್ಟು ಕಾಪಾಡಿಕೊಂಡರೂ ಲೋಕಸಾಮಾನ್ಯವಾದ ನಿಯಮಗಳಿಗೆ ತಲೆಬಾಗಿಯೇ ತೀರಬೇಕು. ಅರಸನ ಹೆಸರು ಸವೆದುಹೋದ ಶಾಸನವನ್ನು ಅಕ್ಷರಗಳ ಮಾಟ ನೋಡಿ ಇಂಥ ಶತಮಾನದ್ದೆಂದು ನಿರ್ಣಯಿಸುವ ಶಾಸನತಜ್ಞರ ಮಾರ್ಗವೇ ಇಲ್ಲಿಯೂ ಮಾರ್ಗ. ಐಸಿಯ ಬೆನ್ನ ಮೇಲೆ ಅದರ ಸಂಖ್ಯೆಯ ಕೆಳಗೆ 8734 ಎಂದು ಅಚ್ಚಾಗಿದ್ದರೆ ಅದು 1987ರ 34ನೆಯ ವಾರದಲ್ಲಿ ತಯಾರಾದುದೆಂದು ತಿಳಿಯುತ್ತದೆ. ಫಲಕದ ಮೇಲಿನ ಇಂಥ ಅಂಕಗಳಲ್ಲಿ ಅತ್ಯಂತ ಈಚಿನದನ್ನು ಹಿಡಿದರೆ ಯಂತ್ರವು ಅದಕ್ಕಿಂತ ಹಿಂದಿನದಲ್ಲವೆಂಬುದು ನಿಶ್ಚಿತ. ಆ ಐಸಿಗಳ ವಿವರವುಳ್ಳ ದಪ್ಪ ಡೇಟಾ ಪುಸ್ತಕಗಳು ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಗಣಿತದ ಗೈಡುಗಳ ನಡುವೆ ಸಿಕ್ಕುತ್ತಿದ್ದವು. ನನ್ನ ಸಂಬಳದ ಗಣನೀಯ ಭಾಗ ಅಲ್ಲಿಗೆ ಹೋಯಿತೆಂಬುದಕ್ಕೆ ನನ್ನ ಮನೆಯಾಕೆ ಸಾಕ್ಷಿ.

ಒಮ್ಮೆ ಸಾಹೇಬರ ಅಂಗಡಿಯಿಂದ ಬೆಂಕಿಪೊಟ್ಟಣದ ಕಟ್ಟಿನಷ್ಟು ಪುಟ್ಟದಾದ, ಬೂದು ಬಣ್ಣದ, ಒಂದನ್ನೊಂದು ಸಂಪೂರ್ಣವಾಗಿ ಹೋಲುವ ಎರಡು ಜಪಾನೀ ಕ್ಯಾಮರಾಗಳನ್ನು ತಂದೆನು. ಹಿಂಬದಿಯಲ್ಲಿ 12 ಪಿನ್ನುಗಳ ಒಂದು ದುಂಡನೆಯ ಕನೆಕ್ಟರು. ಅದರ ಸುತ್ತ ಒಂದಕ್ಷರವೂ ಇಲ್ಲ. ಇಲ್ಲಿ ಅವಸರ ಮಾಡುವವನು ಯಾವುದೋ ಪಿನ್ನಿಗೆ ಯಾವುದೋ ವಿದ್ಯುತ್ತನ್ನು ಕೊಟ್ಟು, ಬದುಕಿದ್ದುದನ್ನು ಕೊಲ್ಲುತ್ತಾನೆ. ಕ್ರಮವಾದ ವಿಧಾನವಾದರೋ ಹೀಗೆ. ಮೊದಲು ಮುಚ್ಚಳವನ್ನು ಬಿಚ್ಚಿ, ಮಲ್ಟಿಮೀಟರಿನ ಒಂದು ತುದಿಯನ್ನು ಲೋಹದ ಕವಚಕ್ಕೆ ಮುಟ್ಟಿಸಿ, ಇನ್ನೊಂದನ್ನು ಪಿನ್ನಿನಿಂದ ಪಿನ್ನಿಗೆ ಒಯ್ದರೆ ಗ್ರೌಂಡ್ ಪಿನ್ನುಗಳು ತಾವಾಗಿ ಕೂಗಿಕೊಳ್ಳುತ್ತವೆ. ದೊಡ್ಡ ಕೆಪಾಸಿಟರುಗಳ ಋಣ ತುದಿಯೂ ಅದಕ್ಕೆ ಸಮ್ಮತಿ ಕೊಡಬೇಕು. ಬಳಿಕ ಆ ಕೆಪಾಸಿಟರುಗಳ ಧನ ತುದಿಯಿಂದ ಹಿಂದಕ್ಕೆ ನಡೆದರೆ ವಿದ್ಯುತ್ತು ಒಳಬರುವ ಪಿನ್ನು ದೊರೆಯುತ್ತದೆ. ಎಷ್ಟು ವೋಲ್ಟು ಎಂಬುದಕ್ಕೂ ಆ ಕೆಪಾಸಿಟರೇ ಉತ್ತರ ಹೇಳುತ್ತದೆ: ಅದರ ಮೈಮೇಲೆ 16 ವೋಲ್ಟು ಎಂದಿದ್ದರೆ, ಜಿಪುಣನೂ ಜಾಗರೂಕನೂ ಆದ ಎಂಜಿನಿಯರು ಅದನ್ನು 12 ವೋಲ್ಟಿನ ಹಾದಿಯಲ್ಲಿ ಇಟ್ಟಿರುವನೆಂದು ಊಹಿಸಬಹುದು, 5 ವೋಲ್ಟಿಗಾದರೆ ಅಷ್ಟು ದೊಡ್ಡದನ್ನು ಇಡುತ್ತಿರಲಿಲ್ಲ, 24ಕ್ಕಾದರೆ ಅದು ಸಾಲುತ್ತಿರಲಿಲ್ಲ. ಊಹೆಯನ್ನು ಪರೀಕ್ಷಿಸಲು ವಿದ್ಯುತ್ಪ್ರವಾಹಕ್ಕೆ ಮಿತಿ ಹಾಕಿದ ಸಪ್ಲೈಯಿಂದ ವೋಲ್ಟನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋದಾಗ, ಪ್ರವಾಹವು ಆಂಪಿಯರಿನ ಐದನೆಯ ಒಂದು ಪಾಲಿನ ಸುಮಾರಿಗೆ ಬಂದು ಅಲ್ಲಿಯೇ ನೆಲೆನಿಂತಿತು. ಕೈಗೆ ಬಿಸಿ ತಾಕಲಿಲ್ಲ, ವಾಸನೆ ಬರಲಿಲ್ಲ. ನಮ್ಮ ಕಸುಬಿನಲ್ಲಿ ಮೂಗು ಕೂಡ ಒಂದು ಮಾಪಕವೇ.

ಇನ್ನು ಚಿತ್ರ ಹೊರಬರುವ ಪಿನ್ನು. ಆ ಕಾಲದ ವಿಡಿಯೋ ಕೇಬಲ್ಲುಗಳು ಬಹುಮಟ್ಟಿಗೆ 75 ಓಮಿನವು. ಆದಕಾರಣ ಕ್ಯಾಮರಾದ ಹೊರಬಾಗಿಲಲ್ಲಿಯೂ 75 ಓಮಿನ ಒಂದು ರೆಸಿಸ್ಟರು ಕಾವಲುಗಾರನಾಗಿ ನಿಂತಿರಬೇಕು. ಹಳೆಯ ಮಾದರಿಯದಾದರೆ ನೇರಳೆ, ಹಸಿರು, ಕಪ್ಪು ಪಟ್ಟೆ; ಅಂಟಿಸುವ ಮಾದರಿಯದಾದರೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಅದರ ಮೇಲೆ 750 ಎಂಬ ಅಂಕೆ. ಭೂತಗನ್ನಡಿ ಹಿಡಿದು ಹುಡುಕಿದರೆ ಅದು 4ನೆಯ ಪಿನ್ನಿನ ಹಿಂದೆಯೇ ಕುಳಿತಿದ್ದಿತು. (ಗ್ರೌಂಡು 1, ವಿದ್ಯುತ್ತು 2, ಚಿತ್ರದ ಗ್ರೌಂಡು 3, ಚಿತ್ರ 4 ಎಂಬ ಈ ಕ್ರಮವನ್ನು ಆ ಕಾಲದ ಜಪಾನೀ ತಯಾರಕರು ಹಲವರು ಪಾಲಿಸುತ್ತಿದ್ದರೆಂಬುದು ಕ್ರಮೇಣ ಗೊತ್ತಾಗಿ, ಮುಂದಿನ ಕ್ಯಾಮರಾಗಳಲ್ಲಿ ಈ ಶ್ರಮ ಬಹುಮಟ್ಟಿಗೆ ಉಳಿಯಿತು.) ಈ ದುಂಡು ಪ್ಲಗ್ಗಿಗೆ ಸರಿಯಾದ ಜೋಡಿ ಎಸ್.ಪಿ. ರಸ್ತೆಯಲ್ಲೆಲ್ಲೂ ಸಿಕ್ಕದೆ, ಸಿಕ್ಕುವ ಕಡೆ ಅದರ ಬೆಲೆ ಕ್ಯಾಮರಾದ ಬೆಲೆಯನ್ನು ಮೀರಿದ್ದುದರಿಂದ, ನಮ್ಮ ಪ್ರಯೋಗಶಾಲೆಯ ಮೆಕ್ಯಾನಿಕ್ ಹಳೆಯ ಕಂಪ್ಯೂಟರ್ ಕನೆಕ್ಟರಿನಿಂದ ಬಿಡಿ ಬಿಡಿ ಹಿತ್ತಾಳೆಯ ಕೊಳವೆಗಳನ್ನು ಕಿತ್ತು, ಒಂದೊಂದಕ್ಕೂ ಸ್ಲೀವ್ ಹಾಕಿ, ಬೇಕಾದ ಪಿನ್ನುಗಳಿಗೆ ಮಾತ್ರ ತೊಡಿಸಿದನು. ಅವನ ಕೈಯಲ್ಲಿದ್ದ ನಾಜೂಕು ನನ್ನ ಕೈಗೆ ಎಂದೂ ಬರಲಿಲ್ಲ.

ಆಸಿಲೋಸ್ಕೋಪಿನಲ್ಲಿ ಸಂಕೇತ ಮೂಡಿತು: ಕೆಳಗಡೆಗೆ ಇಳಿಯುವ ಚೂಪಾದ ಸಿಂಕ್ ಸ್ಪಂದನ, ಅದರ ಬೆನ್ನಿಗೆ ಬೆಳಕಿನ ಏರಿಳಿತ. ಲೆನ್ಸಿನ ಬಾಯಿಗೆ ಅಂಗೈ ಹಿಡಿದರೆ ಏರಿಳಿತವು ಸಪಾಟಾಗುತ್ತಿದ್ದಿತು, ಕೈ ತೆಗೆದರೆ ಮತ್ತೆ ಏಳುತ್ತಿದ್ದಿತು. ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಿರಲಿಲ್ಲ. ತುದಿಯಿಂದ ತುದಿಗೆ ಅಳೆದರೆ 2 ವೋಲ್ಟು. ಕೇಬಲ್ಲಿನ ಕೊನೆಗೆ 75 ಓಮಿನ ಹೊರೆ ಸೇರಿಸಿದೊಡನೆ ಅದು ಶಾಸ್ತ್ರೋಕ್ತವಾದ 1 ವೋಲ್ಟಿಗೆ ಇಳಿಯಿತು, ಅಂದರೆ ಕಾವಲುಗಾರನ ವಿಷಯದಲ್ಲಿ ನಮ್ಮ ತರ್ಕವೂ ಸರಿಯಾಗಿಯೇ ಇದ್ದಿತು. ಆದರೆ ಮಾನಿಟರಿಗೆ ಜೋಡಿಸಿದಾಗ ಒಂದು ವಿಚಿತ್ರ. ಅವಳಿಜವಳಿಯಂತಿದ್ದ ಎರಡು ಕ್ಯಾಮರಾಗಳಲ್ಲಿ ಒಂದರ ಚಿತ್ರ ನಿಶ್ಚಲವಾಗಿ ನಿಂತಿತು. ಮತ್ತೊಂದರದು ಮೇಲಿನಿಂದ ಕೆಳಕ್ಕೆ ಎಡೆಬಿಡದೆ ಉರುಳುತ್ತಿದ್ದಿತು. ಮೆಕ್ಯಾನಿಕ್ ಅದನ್ನು ಕೆಟ್ಟದ್ದೆಂದು ಬದಿಗಿಡಲು ಸಿದ್ಧನಾದನು.

ರಹಸ್ಯವು ಕ್ರಿಸ್ಟಲಿನಲ್ಲಿತ್ತು. ಒಂದರ ಡಬ್ಬಿಯ ಮೇಲೆ 28.375 ಮೆಗಾಹರ್ಟ್ಸ್ ಎಂದೂ ಇನ್ನೊಂದರ ಮೇಲೆ 28.636 ಎಂದೂ ಕೆತ್ತಿದ್ದಿತು. ನಮ್ಮ ದೇಶದ ಅಂದಿನ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ, ಎಂದರೆ ಸೆಕೆಂಡಿಗೆ 15,625 ಗೆರೆ. ಮೊದಲನೆಯ ಕ್ರಿಸ್ಟಲನ್ನು ಇದರಿಂದ ಭಾಗಿಸಿದರೆ ಶೇಷವಿಲ್ಲದೆ 1,816 ಬರುತ್ತದೆ. ಎರಡನೆಯದನ್ನು ಭಾಗಿಸಿದರೆ ಶೇಷ ಉಳಿಯುತ್ತದೆ. ಅದೇ ಅಮೆರಿಕ ಜಪಾನುಗಳ 525 ಗೆರೆಯ ಪದ್ಧತಿಯಂತೆ ಸೆಕೆಂಡಿಗೆ ಸುಮಾರು 15,734 ಗೆರೆಯೆಂದು ಹಿಡಿದರೆ ಸರಿಯಾಗಿ 1,820. ಹೊರಗಿನ ಕವಚ, ತಿರುಪು, ಪಿನ್ನು ಎಲ್ಲವೂ ಒಂದೇ ಆಗಿದ್ದು, ಕಾಲವನ್ನು ಎಣಿಸುವ ಒಂದು ಸ್ಫಟಿಕದ ಚೂರಿನಲ್ಲಿ ಮಾತ್ರ ಎರಡು ಖಂಡಗಳ ಭೇದ ಅಡಗಿದ್ದಿತು! ಕಾರ್ಖಾನೆಯ ಯಂತ್ರಕ್ಕೆ ದೂರದರ್ಶನ ಕೇಂದ್ರದ ಹಂಗಿಲ್ಲದ್ದರಿಂದ ತಯಾರಕನು ತನ್ನ ದೇಶದ ಪದ್ಧತಿಯನ್ನೇ ಇಲ್ಲಿಗೂ ಕಳುಹಿಸಿದ್ದನು. ನಮ್ಮ ಹಳೆಯ ಕಪ್ಪುಬಿಳುಪು ಮಾನಿಟರಿನ ಹಿಂಬದಿಯಲ್ಲಿ ವರ್ಟಿಕಲ್ ಹೋಲ್ಡ್ ಎಂಬ ಗುಂಡಿಯುಂಟಷ್ಟೆ. ಅದನ್ನು ಸ್ವಲ್ಪ ತಿರುಗಿಸಿದೊಡನೆ ಉರುಳಾಟ ನಿಂತು, ಕಿಟಕಿಯ ಸರಳುಗಳೂ ಅವುಗಳ ಮುಂದೆ ಬಾಗಿ ನಿಂತಿದ್ದ ಮೆಕ್ಯಾನಿಕ್ಕಿನ ಮುಖವೂ ಕಾಣಬಂದವು. “ಸಾರ್, ನನ್ ಮೀಸೆ!” ಎಂದು ಅವನು ಕೂಗಿದ್ದು ಪಕ್ಕದ ತರಗತಿಗೂ ಕೇಳಿಸಿತು.

ಲೆನ್ಸಿನ ಮಾತನ್ನು ಬೇಗ ಮುಗಿಸುವೆ. ಇಂಥ ಕ್ಯಾಮರಾಗಳ ಮೂತಿ ಬಹುಪಾಲು ಸಿ ಮೌಂಟ್ ಎಂಬ ಮಾದರಿಯದು: ಒಂದಂಗುಲ ವ್ಯಾಸ, ಅಂಗುಲಕ್ಕೆ 32 ಸುತ್ತಿನ ಮರೆ, ಮೂತಿಯಿಂದ ಚಿತ್ರತಲಕ್ಕೆ 17.526 ಮಿಲಿಮೀಟರ್ ಅಂತರ. ಇದು 16 ಮಿಲಿಮೀಟರ್ ಸಿನಿಮಾ ಕ್ಯಾಮರಾಗಳಿಂದ ಬಂದ ಪಿತ್ರಾರ್ಜಿತ. ಆದುದರಿಂದ ಸ್ವಿಟ್ಜರ್ಲೆಂಡಿನ ಹಳೆಯ ಬೋಲೆಕ್ಸ್ ಕ್ಯಾಮರಾದಿಂದ ಬಿಡಿಸಿದ ಲೆನ್ಸೊಂದು ಈ ಜಪಾನೀ ಪೆಟ್ಟಿಗೆಗೆ ಜನ್ಮಾಂತರದ ಸಂಬಂಧವಿದ್ದಂತೆ ತಿರುಚಿಕೊಂಡಿತು.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಆಳವಾಗಿ ನಿಂತಿರುವುದು ಹಳೆಯ ಕಾಲದ ಒಂದು ವಿಡಿಕಾನ್ ಕ್ಯಾಮರಾ. ಪಾಲ್ ವೈಮರ್ ಮತ್ತು ಅವರ ಸಂಗಡಿಗರು ಅಮೆರಿಕದ ಆರ್.ಸಿ.ಎ. ಕಂಪೆನಿಯಲ್ಲಿ ರೂಪಿಸಿ 1950ರಲ್ಲಿ ಪ್ರಕಟಿಸಿದ ಈ ನಳಿಕೆ ಗಾತ್ರದಲ್ಲಿ ಕಿರಿದು, ಬೆಲೆಯಲ್ಲಿ ಅಗ್ಗ. ಸ್ಟುಡಿಯೋಗಳ ಸೊತ್ತಾಗಿದ್ದ ಕ್ಯಾಮರಾವನ್ನು ಕಾರ್ಖಾನೆಗೆ ತಂದ ಕೀರ್ತಿ ಬಹುಮಟ್ಟಿಗೆ ಇದಕ್ಕೆ ಸಲ್ಲಬೇಕು. ನಾನು ತಂದ ಕ್ಯಾಮರಾದ ಕವಚ ತೋಳಿನ ಗಾತ್ರದ್ದು, ನೀರು ಹರಿದು ತಣ್ಣಗಾಗಲೆಂದು ಎರಡು ಪದರದ ಗೋಡೆಯುಳ್ಳದ್ದು. ಒಳಗೆ ನಳಿಕೆ ಒಡೆಯದೆ ಉಳಿದಿತ್ತು. ಅದರ ಬುಡದ ಪಿನ್ನುಗಳಲ್ಲಿ ಒಂದಕ್ಕೊಂದು ಸಂಪರ್ಕವುಳ್ಳ ಒಂದೇ ಜೋಡಿಯನ್ನು ಮೀಟರಿನಿಂದ ಹುಡುಕಿದರೆ ಅದೇ ಹೀಟರು, 6.3 ವೋಲ್ಟು ಕೊಟ್ಟೊಡನೆ ಕತ್ತಲಲ್ಲಿ ಕೆಂಡದ ಚುಕ್ಕೆ ಕಂಡಿತು. ಗಾಜಿನ ಮೋರೆಯ ಸುತ್ತ ಬಿಗಿದ ಲೋಹದ ಉಂಗುರವೇ ಚಿತ್ರದ ಸಂಕೇತ ಹೊರಬರುವ ದಾರಿ. ಸುತ್ತಲಿನ ಸುರುಳಿಗಳಲ್ಲಿ ರೋಧ ಕಡಿಮೆಯಿದ್ದುದು ಅಡ್ಡಗೆರೆ ಎಳೆಯುವುದು, ಹೆಚ್ಚಿದ್ದುದು ಮೇಲಿಂದ ಕೆಳಕ್ಕೆ ಇಳಿಸುವುದು. ನಿಯಂತ್ರಣ ಪೆಟ್ಟಿಗೆಯ ಕೇಬಲ್ಲು ಯಥಾಪ್ರಕಾರ ಕೊಡಲಿಯ ಪಾಲಾಗಿದ್ದುದರಿಂದ ಎರಡು ಮೋಟು ತುದಿಗಳ ಬಣ್ಣಗಳನ್ನು ಹೊಂದಿಸುತ್ತ, ನೂರಾರು ವೋಲ್ಟು ಹರಿಯುವ ತಂತಿ ಯಾವುದೆಂಬುದನ್ನು ಎಲ್ಲಕ್ಕೂ ಮೊದಲು ಗುರುತಿಸಿ, ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು ಕೆಲಸ ಮಾಡಿದೆವು.

ಕಡೆಗೆ ಚಿತ್ರ ಬಂದಿತು; ಮತ್ತು ನಾವು ತೋರಿಸಿದುದರ ಜೊತೆಗೆ ತೋರಿಸದೆ ಇದ್ದುದನ್ನೂ ಅದು ತೋರಿಸಿತು. ಪರದೆಯ ನಡುವೆ ನಿಂತ ನಿಲುವಿನಲ್ಲಿ ಎರಡು ಸಮಾನಾಂತರ ಗೆರೆಗಳು, ಅವುಗಳ ನಡುವೆ ಮಸುಕಾದ ಒಂದು ಪಟ್ಟಿ, ಪಕ್ಕದಲ್ಲಿ ಅಳತೆಪಟ್ಟಿಯಂಥ ಸಣ್ಣ ಗೀಟುಗಳು. ಕ್ಯಾಮರಾವನ್ನು ಗೋಡೆಗೆ ತಿರುಗಿಸಿದರೂ ಕಿಟಕಿಗೆ ತಿರುಗಿಸಿದರೂ ಆ ಗೀಟುಗಳು ಅಲ್ಲಿಂದ ಕದಲಲಿಲ್ಲ. ಒಂದೇ ಪ್ರಕಾಶಮಾನವಾದ ದೃಶ್ಯವನ್ನು ಬಹುಕಾಲ ದಿಟ್ಟಿಸಿದ ವಿಡಿಕಾನಿನ ಒಳಪೊರೆಯಲ್ಲಿ ಆ ದೃಶ್ಯ ಸುಟ್ಟ ಗಾಯವಾಗಿ ಶಾಶ್ವತವಾಗಿ ಉಳಿದುಬಿಡುವುದುಂಟು. ಇದು ನೀರಿನ ಮಟ್ಟದ ಗಾಜಲ್ಲದೆ ಬೇರೇನೂ ಅಲ್ಲವೆಂದು ನೋಡಿದೊಡನೆ ಹೇಳಬಹುದಾಗಿತ್ತು. ಹೆಸರುಫಲಕವಿಲ್ಲದ, ಊರು ತಿಳಿಯದ ಆ ಕ್ಯಾಮರಾ ತಾನು ಮಾಡಿದ ಉದ್ಯೋಗವನ್ನು ತನ್ನ ಕಣ್ಣಿನ ಪೊರೆಯ ಮೇಲೆಯೇ ಬರೆದುಕೊಂಡು ಬಂದಿದ್ದಿತು. ದಾಖಲೆಯೆಂದರೆ ಕಾಗದವೇ ಆಗಬೇಕಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಂಡಿಲ್ಲ. ಹೊಸ ನಳಿಕೆ ಹಾಕುವ ಅವಕಾಶ ಮುಂದೆ ಒದಗಿದಾಗಲೂ ಅದನ್ನು ಬದಲಾಯಿಸಲು ನನಗೆ ಮನಸ್ಸು ಬರಲಿಲ್ಲ; ಹುಡುಗರಿಗೆ ನಳಿಕೆಯ ಗುಣದೋಷಗಳನ್ನು ಬೋಧಿಸಲು ಅದು ಪಾಠಪುಸ್ತಕಕ್ಕಿಂತ ಮೇಲಾಗಿದ್ದಿತು.

ಎಲ್ಲವೂ ಹೀಗೆ ಒಲಿಯಿತೆಂದೇನೂ ತಿಳಿಯಬಾರದು. ಓಡುವ ಕಾಗದದ ಮೇಲೋ ಬಟ್ಟೆಯ ಮೇಲೋ ತೂತು ಕಲೆಗಳನ್ನು ಹುಡುಕುವ ಏಕರೇಖಾ ಕ್ಯಾಮರಾಗಳೆಂಬ ಒಂದು ಜಾತಿಯುಂಟು. ಅವಕ್ಕೆ ಚಿತ್ರವೆಂಬುದೇ ಇಲ್ಲ. ನಮ್ಮ ಕೈಗೆ ಬಂದದ್ದರಲ್ಲಿ 2,048 ಬಿಂದುಗಳ ಒಂದೇ ಸಾಲು ಇದ್ದಿತು, ಉಳಿದುದನ್ನು ಓಡುವ ವಸ್ತುವೇ ಒದಗಿಸಬೇಕು. ಮಾನಿಟರಿಗೆ ಸಿಕ್ಕಿಸಿದರೆ ಏನೂ ಬರದು. ಹೊರಗಿನಿಂದ ಗಡಿಯಾರದ ಸ್ಪಂದನ ಕೊಡದೆ ಅವುಗಳಲ್ಲಿ ಹಲವು ಉಸಿರಾಡುವುದೂ ಇಲ್ಲ. ಜೋಡಿ ಜೋಡಿಯಾಗಿ ಸಾಗುವ ತಂತಿಗಳಲ್ಲಿ ಯಾವುದು ಒಳಬರುವುದು, ಯಾವುದು ಹೊರಹೋಗುವುದು ಎಂಬುದಕ್ಕೆ ನೆರವಾದದ್ದು 26ಎಲ್‌ಎಸ್31 ಮತ್ತು 26ಎಲ್‌ಎಸ್32 ಎಂಬ ಎರಡು ಐಸಿಗಳು: ಮೊದಲನೆಯದು ಕಳುಹಿಸುವುದು, ಎರಡನೆಯದು ಸ್ವೀಕರಿಸುವುದು; ಸ್ವೀಕರಿಸುವ ಜೋಡಿಗಳ ನಡುವೆ ಸುಮಾರು 100 ಓಮಿನ ರೆಸಿಸ್ಟರು. ಸ್ಪಂದನ ಕೊಟ್ಟೆವು, ಆಸಿಲೋಸ್ಕೋಪಿನಲ್ಲಿ ಒಂದು ದಿಣ್ಣೆ ಎದ್ದಿತು, ಲೆನ್ಸಿನ ಮುಂದೆ ಪೆನ್ಸಿಲ್ ಹಿಡಿದರೆ ದಿಣ್ಣೆಯಲ್ಲಿ ಅದರ ಅಗಲಕ್ಕೆ ತಕ್ಕ ಒಂದು ಕಣಿವೆ ಬಿದ್ದಿತು. ಅಲ್ಲಿಗೆ ತೃಪ್ತಿಪಟ್ಟೆವು. ಆ ಸಾಲುಗಳನ್ನು ಶೇಖರಿಸಿ ಚಿತ್ರವಾಗಿಸುವ ಸಲಕರಣೆ ನಮ್ಮಲ್ಲಿರಲಿಲ್ಲ.

ಐಸಿಯ ಮೇಲಿನ ಸಂಖ್ಯೆಯನ್ನು ಉಜ್ಜಿ ಅಳಿಸಿ ಮಾರುವ ತಯಾರಕರ ವಿಷಯದಲ್ಲಿ ಮಾತ್ರ ನನಗೆ ಇಂದಿಗೂ ಸಹನೆಯಿಲ್ಲ. ಪೈಪೋಟಿಗಾರರಿಂದ ರಕ್ಷಣೆಯೆಂದು ಅವರು ಸಮರ್ಥಿಸಿಕೊಳ್ಳಬಹುದು. ನಕಲು ಮಾಡುವ ಪೈಪೋಟಿಗಾರನಿಗೆ ಪ್ರಯೋಗಶಾಲೆಯೂ ಹಣವೂ ಉಂಟು, ಅವನು ಹೇಗಾದರೂ ಕಂಡುಹಿಡಿಯುತ್ತಾನೆ. ತೊಡಕಾಗುವುದು ಹತ್ತು ವರ್ಷದ ತರುವಾಯ ರಿಪೇರಿಗೆ ಕೂರುವ ಬಡಪಾಯಿಗೆ. 14 ಕಾಲಿನ ಐಸಿಯಲ್ಲಿ 7ನೆಯದು ಗ್ರೌಂಡು, 14ನೆಯದು ವಿದ್ಯುತ್ತು ಎಂದು ಕಂಡರೆ ಅದು ಸಾಮಾನ್ಯವಾದ ಲಾಜಿಕ್ ಐಸಿಯೆಂದು ಶಂಕಿಸಿ, ಒಂದೊಂದು ಕಾಲಿನ ಒಳಹೊರಗನ್ನು ಅಳೆದು ನಾಮಕರಣ ಮಾಡಬಹುದು. ಅದು ಸಾಧ್ಯ, ಆದರೆ ನ್ಯಾಯವಲ್ಲ.

ಇನ್ನು ಕೈಪಿಡಿಗಳ ಮಾತು. ಅವು ಎಲ್ಲಿ ಹೋಗುತ್ತವೆಂಬ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದ್ದಿತು. ಕಾರ್ಖಾನೆಯೊಂದರ ಉಗ್ರಾಣದಲ್ಲಿ ಕೆಲಸಕ್ಕಿದ್ದ ನನ್ನ ಹಳೆಯ ವಿದ್ಯಾರ್ಥಿಯಿಂದ ಉತ್ತರ ತಿಳಿಯಿತು. ಯಂತ್ರವು ಯಂತ್ರವಿಭಾಗದ ಲೆಕ್ಕದಲ್ಲಿದ್ದು ಲೋಹದ ಗುತ್ತಿಗೆದಾರನಿಗೆ ಹೋಗುತ್ತದೆ. ಅದರ ಕೈಪಿಡಿ ಗ್ರಂಥಭಂಡಾರದ ಲೆಕ್ಕದಲ್ಲಿದ್ದು, ವರ್ಷದ ಕೊನೆಗೆ ಹಳೆಯ ರಿಜಿಸ್ಟರುಗಳೊಡನೆ ರದ್ದಿಯವನಿಗೆ ಹೋಗುತ್ತದೆ. “ಎರಡೂ ಒಂದೇ ಗೇಟಿನಿಂದ ಹೊರಗೆ ಹೋಗ್ತವೆ ಸಾರ್, ಗೇಟ್ ಪಾಸ್ ಮಾತ್ರ ಬೇರೆ ಬೇರೆ” ಎಂದು ಅವನು ಹೇಳಿದನು. ಯಂತ್ರದ ಜೊತೆ ಕೈಪಿಡಿ ಹೋದರೆ ಹರಾಜಿನ ಹಣ ಒಂದು ಕಾಸೂ ಕಡಿಮೆಯಾಗದು. ಬಹುಶಃ ಹೆಚ್ಚೇ ಬಂದೀತು. ಈ ಬರಹವು ಯಾವುದಾದರೊಂದು ಕಾರ್ಖಾನೆಯ ಉಗ್ರಾಣಾಧಿಕಾರಿಯ ಕಣ್ಣಿಗೆ ಬಿದ್ದರೆ ಅವರಲ್ಲಿ ನನ್ನ ಬಿನ್ನಹವಿಷ್ಟೆ: ಯಂತ್ರವನ್ನು ಹರಾಜಿಗೆ ಹೊರಡಿಸುವ ಮುನ್ನ ಗ್ರಂಥಭಂಡಾರಕ್ಕೆ ಒಮ್ಮೆ ಹೇಳಿಕಳುಹಿಸಿ, ಕೈಪಿಡಿಯನ್ನು ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಯಂತ್ರದ ಒಳಗೇ ಇರಿಸಿಬಿಡಿ; ಕೇಬಲ್ಲನ್ನು ಕತ್ತರಿಸದೆ ಬಿಚ್ಚುವಂತೆ ಕೂಲಿಯವರಿಗೂ ಒಂದು ಮಾತು ಹೇಳಿ.